ತಾಯಂದಿರ ಸಭೆಗೆ ಹೋಗಿ ಬಂದ ಮೇಲೆ ಬದಲಾದದ್ದು ಮಗುವೋ, ನಾನೋ?

ತಿಪಟೂರು ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಎರಡು ವರ್ಷ ಮೂರು ತಿಂಗಳು. ನಮ್ಮ ಬೀದಿಯ ಅಂಗನವಾಡಿಯಲ್ಲಿ ಹದಿನೈದು ದಿನಕ್ಕೊಮ್ಮೆ ತಾಯಂದಿರನ್ನು ಸೇರಿಸುತ್ತಿದ್ದಾರೆ. ಪುಷ್ಟಿ ಪ್ಯಾಕೆಟ್ ಕೊಡುವ ದಿನವೇ ಸಭೆ ಇತ್ತು, ಹಾಗಾಗಿ ಮೊದಲ ಸಲ ಸುಮ್ನೆ ಕೂತು ಬಂದೆ. ಈಗ ಆರು ತಿಂಗಳಾಯಿತು, ಒಂದೇ ಒಂದು ಸಭೆ ತಪ್ಪಿಸಿದ್ದೇನೆ.

ಎರಡನೇ ಸಭೆಯಲ್ಲಿ ಟೀಚರ್ ಒಂದು ಪ್ರಶ್ನೆ ಕೇಳಿದರು. "ಮಗು ಊಟ ಬೇಡ ಅಂದಾಗ ನಿಮ್ಮ ಕೈ ಎಲ್ಲಿರುತ್ತೆ?" ಯಾರೂ ಬಾಯಿ ಬಿಡಲಿಲ್ಲ. ನಾನು ನನ್ನ ಬಲಗೈ ನೋಡಿಕೊಂಡೆ. ಹಿಂದಿನ ರಾತ್ರಿ ಅವನು ತಟ್ಟೆ ತಳ್ಳಿದ್ದಕ್ಕೆ ಅದೇ ಕೈಯಿಂದ ತೊಡೆಗೆ ಬಾರಿಸಿದ್ದೆ. ಬೆರಳಿನ ಗುರುತು ಮೂಡಿತ್ತು. ಮನೆಗೆ ಬಂದು ತುಂಬಾ ಅತ್ತೆ.

ಅಲ್ಲಿ ಹೇಳಿಕೊಟ್ಟದ್ದು ದೊಡ್ಡ ವಿದ್ಯೆ ಏನಲ್ಲ. ತಟ್ಟೆಯಲ್ಲಿ ಎರಡೇ ತುತ್ತಿನಷ್ಟು ಹಾಕಿ, ಅವನೇ ಕೈಯಿಂದ ತಿನ್ನಲಿ. ಚೆಲ್ಲಿದರೆ ಚೆಲ್ಲಲಿ. ಮೊಬೈಲ್ ತೋರಿಸಿ ತಿನ್ನಿಸಬೇಡಿ. ಸಿಟ್ಟು ಬಂದರೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ. ಇಷ್ಟು ಮಾಡೋಕೆ ನನಗೆ ಎರಡು ತಿಂಗಳು ಬೇಕಾಯಿತು.

ಈಗಲೂ ಅವನು ತಟ್ಟೆ ತಳ್ಳುತ್ತಾನೆ. ನಾನು ಹೊಡೆಯುವುದಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮತ್ತೆ ಕೇಳುತ್ತಾರೆ, "ಮಗು ಸಾಕೋದನ್ನೂ ಯಾರಾದರೂ ಹೇಳಿಕೊಡಬೇಕಾ?" ಅಂತ. ನಮ್ಮವರು, "ನಿನಗೆ ಸಮಾಧಾನ ಆಗಿದೆ, ಅವನು ಹಾಗೇ ಇದ್ದಾನೆ" ಅನ್ನುತ್ತಾರೆ. ನಿಜವಾಗಲೂ ಇಂಥ ತರಬೇತಿಯಿಂದ ಮಕ್ಕಳಿಗೆ ಏನಾದರೂ ಆಗುತ್ತಾ? ಅಥವಾ ಇದು ಅಪ್ಪ ಅಮ್ಮಂದಿರ ಸಮಾಧಾನಕ್ಕೆ ಮಾತ್ರಾನಾ? ಗೊತ್ತಿದ್ದವರು ಹೇಳಿ.

ಶಿರಸಿ ಅಜ್ಜಿ

ತಂಗಿ, ನಿಮ್ಮತ್ತೆ ಕೇಳಿದ್ದನ್ನು ನಾನೂ ಕೇಳಿದ್ದೆ. ನಾಲ್ಕು ಮಕ್ಕಳನ್ನು ಸಾಕಿದವಳು ನಾನು, ನನಗೆ ಯಾರೂ ಪಾಠ ಮಾಡಲಿಲ್ಲ ಅಂತ ಸೊಸೆಗೆ ಹೇಳಿದ್ದೆ.

ಆಮೇಲೆ ಕೂತು ಯೋಚಿಸಿದೆ. ಯಾರೂ ಹೇಳಿಕೊಡಲಿಲ್ಲ ಅನ್ನುವುದು ಸುಳ್ಳು. ನಮ್ಮ ಮನೆಯಲ್ಲಿ ಆಗ ಹದಿನಾಲ್ಕು ಜನ. ನನ್ನ ಮೊದಲ ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ಮೀಯಿಸಿದ್ದು ದೊಡ್ಡತ್ತೆ. ಅದು ರಚ್ಚೆ ಹಿಡಿದಾಗ ಎತ್ತಿಕೊಂಡು ಅಡಿಕೆ ತೋಟಕ್ಕೆ ಹೋಗುತ್ತಿದ್ದುದು ನಾದಿನಿ. ನನಗೆ ಸಿಟ್ಟು ಬಂದಾಗ ಮಗುವನ್ನು ಕೈಯಿಂದ ತೆಗೆದುಕೊಳ್ಳೋಕೆ ಯಾರಾದರೂ ಇರುತ್ತಿದ್ದರು. ನನ್ನ ಸೊಸೆ ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಗುವಿನ ಜೊತೆ ಒಬ್ಬಳೇ. ಅವಳಿಗೆ ಹದಿನಾಲ್ಕು ಜನರ ಬದಲು ಹದಿನೈದು ದಿನಕ್ಕೊಂದು ಸಭೆ ಸಿಕ್ಕಿದರೆ ಅದನ್ನೂ ಬೇಡ ಅನ್ನೋದು ಸರಿಯಲ್ಲ.

ಒಂದು ಮಾತು ಮಾತ್ರ ಹೇಳುತ್ತೇನೆ. ಅಲ್ಲಿ ಕಲಿಸುವವರು ಅಜ್ಜಿಯರನ್ನು ಹೊರಗೆ ಕೂರಿಸಬಾರದು. ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ ಮುಟ್ಟಿಸಬೇಡಿ, ಒಂದು ವರ್ಷ ತುಂಬುವ ತನಕ ಜೇನು ಅಪಾಯ ಅಂತ ನರ್ಸ್ ಸೊಸೆಗೆ ಹೇಳಿದ್ದಳು, ನನಗೆ ಹೇಳಿರಲಿಲ್ಲ. ನಾನು ಮುಟ್ಟಿಸಲು ಹೋದೆ, ಮನೆಯಲ್ಲಿ ಜಗಳ ಆಯಿತು. ನನ್ನನ್ನೂ ಕೂರಿಸಿ ಕಾರಣ ಹೇಳಿದ್ದರೆ ನಾನೇ ಬಾಟಲಿ ಎತ್ತಿಡುತ್ತಿದ್ದೆ.

ಧಾರವಾಡದ ಅಪ್ಪ

ತಿಪಟೂರಿನವರೇ, ನಾನು ಸಾರ್ವಜನಿಕ ಆರೋಗ್ಯದ ಅಂಕಿಅಂಶ ನೋಡುವ ಕೆಲಸದಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಜಗತ್ತಿನ ಬೇರೆ ಬೇರೆ ಕಡೆ ಉತ್ತರ ಹುಡುಕಿದ್ದಾರೆ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಎಲ್ಲರೂ ಮೊದಲು ಹೇಳುವುದು ಜಮೈಕಾದ ಕತೆ. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 129 ಮಕ್ಕಳನ್ನು ಆರಿಸಿದರು. ಎಲ್ಲರೂ 9ರಿಂದ 24 ತಿಂಗಳಿನವರು, ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಇದನ್ನು ನಡೆಸಿದರು. ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರವಾರ ಹಾಲಿನ ಪುಡಿಯ ಪೌಷ್ಟಿಕ ಆಹಾರ. ಒಂದು ಗುಂಪಿಗೆ ವಾರಕ್ಕೊಮ್ಮೆ ಮನೆ ಭೇಟಿ. ಒಂದಕ್ಕೆ ಎರಡೂ. ಇನ್ನೊಂದಕ್ಕೆ ಎರಡೂ ಇಲ್ಲ.

ಮನೆಗೆ ಬರುತ್ತಿದ್ದವರು ಡಾಕ್ಟರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಸ್ಥಳೀಯ ಆರೋಗ್ಯ ಸಹಾಯಕಿಯರು, ನಮ್ಮ ಆಶಾಗಳ ಹಾಗೆ. ಒಂದು ಗಂಟೆ ಕೂತು ಅಮ್ಮನ ಜೊತೆ, ಮಗುವಿನ ಜೊತೆ ಆಡುತ್ತಿದ್ದರು. ಆಟದ ಸಾಮಾನು ಎಲ್ಲವೂ ಮನೆಯಲ್ಲಿ ಬಿಸಾಡುವ ಡಬ್ಬ, ಮುಚ್ಚಳ, ಬಟ್ಟೆಚೂರಿನಿಂದ ಮಾಡಿದ್ದು. ಎರಡು ವರ್ಷ ಹೀಗೆ ನಡೆಯಿತು. ಮಗುವಿಗೆ ಪಾಠ ಹೇಳುವುದು ಅವರ ಗುರಿಯಾಗಿರಲಿಲ್ಲ. ಸಹಾಯಕಿ ಹೋದ ಮೇಲೂ ಉಳಿದ ಆರು ದಿನ ಅಮ್ಮ ಆಡಬೇಕು, ಅದಕ್ಕಾಗಿ ಬರುತ್ತಿದ್ದರು.

ಸುಮಾರು ಇಪ್ಪತ್ತು ವರ್ಷದ ನಂತರ ಅದೇ ಮಕ್ಕಳನ್ನು ಹುಡುಕಿ ನೋಡಿದರು. ಮನೆ ಭೇಟಿ ಸಿಕ್ಕವರ ಸಂಪಾದನೆ, ಸಿಗದವರಿಗಿಂತ ಶೇಕಡಾ 25 ಜಾಸ್ತಿ ಇತ್ತು. 31ನೇ ವಯಸ್ಸಿನಲ್ಲಿ ಮತ್ತೆ ನೋಡಿದಾಗ ಸಂಪಾದನೆಯ ಅಂತರ ಶೇಕಡಾ 37ಕ್ಕೆ ಏರಿತ್ತು. ಬರೀ ಪೌಷ್ಟಿಕ ಆಹಾರ ಸಿಕ್ಕವರಲ್ಲಿ ಅಷ್ಟು ದೂರದ ಲಾಭ ಕಾಣಲಿಲ್ಲ. ಆಹಾರ ಬೇಡ ಅಂತ ಇದರ ಅರ್ಥ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಹೊಟ್ಟೆ ತುಂಬಿಸಿದ ಮೇಲೂ ಮಗುವಿಗೆ ಇನ್ನೊಂದು ಬೇಕು, ಅದು ಮಾತು ಮತ್ತು ಆಟ.

ನಮ್ಮ ದೇಶದಲ್ಲೂ ಆಗಿದೆ. ಒಡಿಶಾದ ಕಟಕ್ ನಗರದ 54 ಕೊಳೆಗೇರಿಗಳಲ್ಲಿ 421 ಮಕ್ಕಳ ಜೊತೆ ಇದೇ ಪದ್ಧತಿಯನ್ನು ಪರೀಕ್ಷೆ ಮಾಡಿದರು. ಅಲ್ಲಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಹದಿನೆಂಟು ತಿಂಗಳು ವಾರವಾರ ಮನೆಗೆ ಕಳಿಸಿದರು. ಮಕ್ಕಳ ತಿಳಿವಳಿಕೆ ಚೆನ್ನಾಗಿ ಮುಂದೆ ಹೋಯಿತು. ಆಮೇಲೆ ಒಡಿಶಾದ ಹಳ್ಳಿಗಳಲ್ಲಿ ಮನೆ ಭೇಟಿ ಮತ್ತು ಗುಂಪು ಸಭೆ ಎರಡನ್ನೂ ಹೋಲಿಸಿದರು. ತಿಪಟೂರಿನವರೇ, ಇದು ನಿಮಗೇ ಸಂಬಂಧಿಸಿದ್ದು. ಗುಂಪು ಸಭೆಗೆ ಬಂದ ಅಮ್ಮಂದಿರ ಮಕ್ಕಳೂ ಹೆಚ್ಚುಕಮ್ಮಿ ಅಷ್ಟೇ ಮುಂದೆ ಹೋದರು. ಖರ್ಚು ಮಾತ್ರ ಮನೆ ಭೇಟಿಯ ಮೂರನೇ ಒಂದು ಪಾಲಿಗಿಂತ ಕಡಿಮೆ.

ಹಾಗಾದರೆ ಎಲ್ಲಾ ಕಡೆ ಹೀಗೇನಾ? ಇಲ್ಲ. ಕೊಲಂಬಿಯಾದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ಜೊತೆ ಹದಿನೆಂಟು ತಿಂಗಳು ಇದನ್ನೇ ಮಾಡಿದರು. ಮುಗಿದ ತಕ್ಷಣ ಲಾಭ ಕಂಡಿತು. ಎರಡು ವರ್ಷ ಬಿಟ್ಟು ನೋಡಿದರೆ ಅದು ಉಳಿದಿರಲಿಲ್ಲ. ಇದನ್ನು ಮುಚ್ಚಿಟ್ಟು ಬರೀ ಜಮೈಕಾ ಹೇಳುವವರನ್ನು ನಾನು ನಂಬುವುದಿಲ್ಲ.

ನಿಮ್ಮವರಿಗೆ ನಾನು ಹೇಳುವುದು ಇಷ್ಟು. ನೀವು ಬದಲಾದದ್ದೇ ಮೊದಲ ಫಲ. ಮಗುವಿಗೆ ತಲುಪುವ ದಾರಿ ಅದೊಂದೇ. ಆರು ತಿಂಗಳಲ್ಲಿ ಹಟ ಬಿಟ್ಟನಾ ಅಂತ ನೋಡಬೇಡಿ, ಎರಡು ವರ್ಷದ ಮಗು ಹಟ ಮಾಡಲೇಬೇಕು. ಅವನು ಎಷ್ಟು ಮಾತಾಡುತ್ತಾನೆ, ಬಿದ್ದಾಗ ಯಾರ ಹತ್ತಿರ ಓಡಿ ಬರುತ್ತಾನೆ, ಅದನ್ನು ನೋಡಿ.

ತಿಪಟೂರು ಅಮ್ಮ

ಸರ್, ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಮೊದಲು ಬಿದ್ದರೆ ನನ್ನ ಮುಖ ನೋಡಿ ಹೆದರುತ್ತಿದ್ದ. ಎಲ್ಲಿ ಬೈತಾಳೋ ಅಂತ. ಈಗ ನನ್ನ ಹತ್ತಿರವೇ ಬರುತ್ತಾನೆ. ಇದನ್ನು ನಾನು ಗಮನಿಸಿಯೇ ಇರಲಿಲ್ಲ.

ಕೊಪ್ಪಳ ಟೀಚರ್

ನಾನು ಅಂಗನವಾಡಿ ಕಾರ್ಯಕರ್ತೆ. ಹತ್ತೊಂಬತ್ತು ವರ್ಷ ಆಯಿತು. ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ನಮ್ಮ ಕಡೆಯಿಂದಲೂ ಒಂದಿಷ್ಟು ಕೇಳಿ.

ಮೊದಲ ಹತ್ತು ವರ್ಷ ನಾನು ಸಭೆ ಅಂದರೆ ಭಾಷಣ ಅಂತಲೇ ತಿಳಿದಿದ್ದೆ. ತಾಯಂದಿರನ್ನು ಚಾಪೆ ಮೇಲೆ ಕೂರಿಸುವುದು, ಚಿತ್ರದ ಹಾಳೆ ಎತ್ತಿ ತೋರಿಸುವುದು. "ಆರು ತಿಂಗಳು ಎದೆಹಾಲು ಮಾತ್ರ ಕೊಡಬೇಕು, ಕೈ ತೊಳೆಯಬೇಕು, ಮಗುವಿನ ಜೊತೆ ಮಾತಾಡಬೇಕು." ಅವರು ಹೂಂ ಅನ್ನುತ್ತಿದ್ದರು. ರಿಜಿಸ್ಟರಿಗೆ ಸಹಿ ಹಾಕಿ ಎದ್ದು ಹೋಗುತ್ತಿದ್ದರು. ಮನೆಗೆ ಹೋಗಿ ನೋಡಿದರೆ ಏನೂ ಬದಲಾಗಿರುತ್ತಿರಲಿಲ್ಲ. ತಪ್ಪು ಅವರದಲ್ಲ. "ಮಗುವಿನ ಜೊತೆ ಮಾತಾಡಿ" ಅಂದರೆ ಏನು ಮಾತಾಡಬೇಕು? ಆರು ತಿಂಗಳ ಕೂಸು ಏನು ಉತ್ತರ ಕೊಡುತ್ತೆ? ಅದನ್ನು ನಾನು ಮಾಡಿ ತೋರಿಸಿರಲಿಲ್ಲ.

ಆಮೇಲೆ ಒಂದು ತರಬೇತಿಯಲ್ಲಿ ನಮಗೇ ಕೂಸು ಕೊಟ್ಟು ಆಡಿಸಿ ಅಂದರು. ಎಲ್ಲರ ಎದುರು. ನನಗೆ ನಾಚಿಕೆ ಆಯಿತು. ಕೂಸು "ಆ" ಅಂತು. ನಾನೂ "ಆ" ಅಂದೆ. ಕೂಸು ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿ ಮತ್ತೆ "ಆ" ಅಂತು. ಇಷ್ಟೇ. ಅದು ಕೂಗಿದ್ದಕ್ಕೆ ನಾವು ಓಗೊಡುವುದು. ಅವತ್ತಿಂದ ಸಭೆಯಲ್ಲಿ ನಾನು ಮಾತು ಕಮ್ಮಿ ಮಾಡಿದೆ.

ಈಗ ಹೀಗೆ ಮಾಡುತ್ತೇನೆ. ಎಂಟು ಹತ್ತು ತಾಯಂದಿರು, ಮಕ್ಕಳ ಸಮೇತ. ಮೊದಲು ಹೋದ ಸಲ ಹೇಳಿದ್ದು ಮನೆಯಲ್ಲಿ ಯಾರು ಮಾಡಿದಿರಿ, ಏನಾಯಿತು ಅಂತ ಕೇಳುತ್ತೇನೆ. ಬೈಯುವುದಿಲ್ಲ. ಆಮೇಲೆ ಒಂದು ಆಟ ನಾನು ಮಾಡಿ ತೋರಿಸುತ್ತೇನೆ, ಅವರು ತಮ್ಮ ಮಗುವಿನ ಜೊತೆ ಅಲ್ಲೇ ಮಾಡುತ್ತಾರೆ. ಪ್ಲಾಸ್ಟಿಕ್ ಬಾಟಲಿಗೆ ಒಂದು ಹಿಡಿ ತೊಗರಿ ಹಾಕಿ ಮುಚ್ಚಳ ಬಿಗಿಯಾಗಿ ಅಂಟಿಸಿದರೆ ಗಿಲಕಿ. ಮೆಕ್ಕೆಜೋಳದ ದಂಟಿಗೆ ಬಟ್ಟೆ ಸುತ್ತಿದರೆ ಗೊಂಬೆ. ಲೋಟದೊಳಗೆ ಲೋಟ ಇಟ್ಟರೆ ದೊಡ್ಡದು ಸಣ್ಣದು ಕಲಿಯುತ್ತೆ. ಸೀರೆ ಸೆರಗಿನಲ್ಲಿ ಮುಖ ಮುಚ್ಚಿ ತೆಗೆಯುವ ಆಟಕ್ಕೆ ಒಂದು ಪೈಸೆ ಬೇಡ. ಬಾಯಿಗೆ ಹೋಗುವಷ್ಟು ಸಣ್ಣ ಸಾಮಾನು ಮಾತ್ರ ಕೊಡಬಾರದು, ಅದನ್ನು ಪ್ರತಿ ಸಲ ಹೇಳುತ್ತೇನೆ.

2024ರಲ್ಲಿ ಕೇಂದ್ರ ಸರ್ಕಾರದ 'ನವಚೇತನ' ಮಾರ್ಗಸೂಚಿ ಬಂತು. ಹುಟ್ಟಿದಾಗಿನಿಂದ ಮೂರು ವರ್ಷದವರೆಗೆ ಯಾವ ತಿಂಗಳಿಗೆ ಯಾವ ಆಟ ಅಂತ 140 ಚಟುವಟಿಕೆ ಅದರಲ್ಲಿವೆ. ಚೆನ್ನಾಗಿದೆ. ಆಶಾ ಅಕ್ಕಂದಿರೂ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳಿಗೆ ಮನೆಗೆ ಹೋಗಬೇಕು ಅಂತ 2018ರಿಂದ ಇದೆ. ಕಾಗದದ ಮೇಲೆ ಎಲ್ಲವೂ ಇದೆ. ಆದರೆ ಕೈ ಎರಡೇ. ಬೆಳಿಗ್ಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ, ಊಟ. ಗರ್ಭಿಣಿ ಬಾಣಂತಿಯರ ಲೆಕ್ಕ. ತೂಕ, ಎತ್ತರ. ಫೋನಿನಲ್ಲಿ ಪೋಷಣ್ ಟ್ರ್ಯಾಕರ್. ನಡುವೆ ಸರ್ವೆ, ಚುನಾವಣೆ ಕೆಲಸ. ಮೂರು ವರ್ಷದ ಒಳಗಿನ ಮಗು ಅಂಗನವಾಡಿಗೆ ಬರುವುದಿಲ್ಲ, ಮನೆಯಲ್ಲೇ ಇರುತ್ತೆ. ಅಲ್ಲಿಗೆ ಹೋಗುವ ಹೊತ್ತು ಎಲ್ಲಿದೆ ಹೇಳಿ?

ಆದರೂ ಹೋಗುತ್ತೇನೆ. ಒಂದು ಮನೆ ನೆನಪಿದೆ. ತಾಯಿ ಇಟ್ಟಿಗೆ ಭಟ್ಟಿ ಕೆಲಸಕ್ಕೆ ಹೋಗುತ್ತಿದ್ದಳು, ಮಗುವನ್ನು ಆರು ವರ್ಷದ ಅಕ್ಕ ನೋಡಿಕೊಳ್ಳುತ್ತಿದ್ದಳು. ಆ ತಾಯಿಗೆ "ಮಗುವಿನ ಜೊತೆ ಆಡು" ಅನ್ನೋಕೆ ನನಗೆ ಬಾಯಿ ಬರಲಿಲ್ಲ. "ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಉಂಡೆ ಹಿಟ್ಟು ಅವನ ಕೈಗೂ ಕೊಡಮ್ಮ, ಏನು ಮಾಡುತ್ತಿದ್ದೀಯೋ ಅದನ್ನೇ ಹೇಳು" ಅಂದೆ. ಅವಳು ಮಾಡಿದಳು. ಎರಡು ತಿಂಗಳ ಮೇಲೆ ಹೋದಾಗ ಹುಡುಗ ನನ್ನ ಕೈ ಹಿಡಿದು ಒಲೆ ಹತ್ತಿರ ಕರೆದುಕೊಂಡು ಹೋಗಿ "ತೊಟ್ಟಿ" ಅಂದ. ರೊಟ್ಟಿ. ಅದಕ್ಕೂ ಮೊದಲು ಅವನ ಬಾಯಿಂದ ನಾನು ಒಂದು ಮಾತು ಕೇಳಿರಲಿಲ್ಲ.

ಈಗ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಬಂದಿವೆ. ಸರ್ಕಾರದ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರು ಮೂರು ವರ್ಷದ ಒಳಗಿನ ಮಕ್ಕಳನ್ನು ಅಲ್ಲಿ ಬಿಡಬಹುದು. ಅಲ್ಲಿ ನೋಡಿಕೊಳ್ಳುವ ಅಕ್ಕಂದಿರಿಗೂ ಈ ಆಟಗಳೆಲ್ಲ ಬಂದರೆ ಆರು ವರ್ಷದ ಆ ಅಕ್ಕನ ಹಾಗಿರುವ ಹುಡುಗಿಯರು ಶಾಲೆಗೆ ಹೋಗುತ್ತಾರೆ.

ಶಿರಸಿ ಅಜ್ಜಿ

ಟೀಚರಮ್ಮ, ನಿಮ್ಮ ಕಾಲಿಗೆ ಬೀಳಬೇಕು ಅನ್ನಿಸಿತು.

ಕಂಡಕ್ಟರ್ ಅಪ್ಪ

ನಾನು ಬಸ್ ಕಂಡಕ್ಟರ್, ದಾವಣಗೆರೆ. ಎಲ್ಲರೂ ತಾಯಂದಿರ ಸಭೆ ಅಂತ ಬರೆಯುತ್ತಿದ್ದೀರಿ. ಅಪ್ಪಂದಿರ ಸಭೆ ಯಾಕಿಲ್ಲ ಅಂತ ಕೇಳೋಕೆ ಬಂದೆ.

ನನಗೆ ಮಗಳ ಜೊತೆ ಹೇಗಿರಬೇಕು ಅಂತ ಗೊತ್ತಿರಲಿಲ್ಲ. ನಮ್ಮಪ್ಪ ಮನೆಗೆ ಬಂದರೆ ನಾವೆಲ್ಲ ಹಿತ್ತಲಿಗೆ ಓಡುತ್ತಿದ್ದೆವು. ಅಪ್ಪ ಅಂದರೆ ಹಾಗೇ ಅಂತ ನನ್ನ ತಲೆಯಲ್ಲಿ ಕೂತಿತ್ತು. ಹೆಂಡತಿ ಸಭೆಯಿಂದ ಬಂದು ಹಾಗೆ ಮಾಡಬೇಡಿ, ಹೀಗೆ ಮಾಡಬೇಡಿ ಅಂದಾಗ ಸಿಟ್ಟು ಬರುತ್ತಿತ್ತು. ನನಗೆ ಹೇಳಬೇಕಾದ್ದನ್ನು ಅವಳ ಕೈಯಲ್ಲಿ ಹೇಳಿಸಿದ ಹಾಗೆ ಅನ್ನಿಸುತ್ತಿತ್ತು.

ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಯಾವ ಅಪ್ಪ ಬರುತ್ತಾನೆ? ಒಂದು ಸಲ ನನಗೆ ವಾರದ ರಜೆ ಇತ್ತು, ಹೋದೆ. ಹದಿನಾಲ್ಕು ಹೆಂಗಸರ ನಡುವೆ ಒಬ್ಬನೇ. ಟೀಚರ್ ಏನೂ ವಿಚಿತ್ರ ಮಾಡದೆ "ಬನ್ನಿ ಅಣ್ಣ, ಇಲ್ಲಿ ಕೂರಿ" ಅಂದರು. ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಚಿತ್ರದ ಪುಸ್ತಕ ತೋರಿಸಿದೆ. ಅವಳು ಬಸ್ಸಿನ ಚಿತ್ರ ನೋಡಿ ನನ್ನ ಮುಖ ಮುಟ್ಟಿದಳು. ಈಗ ಡ್ಯೂಟಿ ಮುಗಿಸಿ ರಾತ್ರಿ ಬಂದರೆ ಹರಿದ ಟಿಕೆಟ್ ಚೂರು ಎಣಿಸುವ ಆಟ ನಮ್ಮಿಬ್ಬರದು. ಮೂರು ವರ್ಷಕ್ಕೆ ಹನ್ನೆರಡರವರೆಗೆ ಎಣಿಸುತ್ತಾಳೆ.

ಭಾನುವಾರ ಸಂಜೆ ಒಂದು ಗಂಟೆ ಇಡಿ. ನಾಲ್ಕು ಜನ ಬಂದರೂ ಸಾಕು.

ಹೆಸರು ಬೇಡ

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ. ನನ್ನ ಅನುಭವ ಬೇರೆ.

ಹೆರಿಗೆ ಆದ ಮೇಲೆ ಐದು ತಿಂಗಳು ನನಗೆ ಯಾವುದರ ಮೇಲೂ ಮನಸ್ಸಿರಲಿಲ್ಲ. ಮಗು ಅತ್ತರೆ ಗೋಡೆ ನೋಡುತ್ತಾ ಕೂರುತ್ತಿದ್ದೆ. ಮನೆಯವರು ಹಣ ಕಟ್ಟಿ ಒಂದು ಪೇರೆಂಟಿಂಗ್ ಶಿಬಿರಕ್ಕೆ ಸೇರಿಸಿದರು. ಒಂದು ದಿನದ್ದು. ದೊಡ್ಡ ಹಾಲ್, ಮೈಕ್. ವೇದಿಕೆ ಮೇಲಿದ್ದವರು, "ಮೊದಲ ಸಾವಿರ ದಿನದಲ್ಲಿ ನೀವು ಮಗುವನ್ನು ನೋಡಿ ನಗದಿದ್ದರೆ ಆ ಮಿದುಳು ಮತ್ತೆ ಸರಿಹೋಗಲ್ಲ" ಅಂದರು. ನಾನು ಬೆರಳಲ್ಲಿ ಲೆಕ್ಕ ಹಾಕಿದೆ, ಆಗಲೇ ನೂರೈವತ್ತು ದಿನ ಹಾಳು ಮಾಡಿದ್ದೇನೆ ಅಂತ. ಅವತ್ತು ರಾತ್ರಿ ನನಗೆ ಬಂದ ಯೋಚನೆಗಳನ್ನು ಇಲ್ಲಿ ಬರೆಯುವುದಿಲ್ಲ.

ನನ್ನನ್ನು ಉಳಿಸಿದ್ದು ಲಸಿಕೆ ಹಾಕಲು ಬಂದ ನರ್ಸ್. ಮಗುವಿನ ತೂಕ ನೋಡಿದ ಮೇಲೆ ತಾಯಿ ಕಾರ್ಡ್ ಮುಚ್ಚಿಟ್ಟು "ನೀವು ರಾತ್ರಿ ನಿದ್ದೆ ಮಾಡುತ್ತೀರಾ?" ಅಂತ ಕೇಳಿದರು. ಅಷ್ಟು ದಿನದಲ್ಲಿ ನನ್ನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಆಮೇಲೆ ಔಷಧಿ, ಮಾತು, ನಿಧಾನಕ್ಕೆ ಸರಿಹೋಯಿತು. ಈಗ ಮಗುವಿಗೆ ನಾಲ್ಕು ವರ್ಷ. ತುಂಬಾ ನಗುತ್ತಾನೆ.

ಧಾರವಾಡದವರೇ, ಇಂಥ ಅಮ್ಮಂದಿರಿಗೆ ಈ ತರಬೇತಿಯಿಂದ ಏನಾಗುತ್ತೆ ಅಂತ ಯಾರಾದರೂ ನೋಡಿದ್ದಾರಾ?

ಧಾರವಾಡದ ಅಪ್ಪ

ನೋಡಿದ್ದಾರೆ ಅಮ್ಮ. 2021ರಲ್ಲಿ 33 ದೇಶಗಳ 102 ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದರು. ಎಲ್ಲವೂ ಮೂರು ವರ್ಷದ ಒಳಗಿನ ಮಕ್ಕಳ ಪೋಷಕರಿಗೆ ಕೊಟ್ಟ ತರಬೇತಿ. ಮಕ್ಕಳ ತಿಳಿವಳಿಕೆ, ಮಾತು, ಕೈಕಾಲಿನ ಚುರುಕು ಎಲ್ಲದರಲ್ಲೂ ಲಾಭ ಕಂಡಿತು. ಪೋಷಕರ ತಿಳಿವಳಿಕೆ, ಮಗುವಿನ ಜೊತೆ ಒಡನಾಟ ಕೂಡ ಸುಧಾರಿಸಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಲಾಭ ಇನ್ನೂ ಜಾಸ್ತಿ. ಆದರೆ ಪೋಷಕರ ಖಿನ್ನತೆ ಕಡಿಮೆ ಆಗಲಿಲ್ಲ. ಅಂದರೆ ಆಟ ಕಲಿಸಿದರೆ ಖಿನ್ನತೆ ತಾನೇ ಹೋಗುವುದಿಲ್ಲ, ಅದಕ್ಕೆ ಬೇರೆ ಆರೈಕೆ ಬೇಕು.

ಆ ಆರೈಕೆಯನ್ನು ಹಳ್ಳಿಯಲ್ಲೇ ಕೊಡಬಹುದು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ಎಂಬ ಮನೋವೈದ್ಯರು ಅಲ್ಲಿಯ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟರು. ಖಿನ್ನತೆ ಇದ್ದ ಗರ್ಭಿಣಿಯರ ಮನೆಗೆ ಅವರು ಹೋಗಿ ಕೂತು ಮಾತಾಡುತ್ತಿದ್ದರು. ಮಗುವಿಗೆ ಆರು ತಿಂಗಳಾದಾಗ ಆ ಗುಂಪಿನಲ್ಲಿ ಖಿನ್ನತೆ ಉಳಿದಿದ್ದು ಶೇಕಡಾ 23 ಜನರಲ್ಲಿ. ಅಂಥ ಮಾತುಕತೆ ಸಿಗದವರಲ್ಲಿ ಶೇಕಡಾ 53. ಇದು 2008ರಲ್ಲಿ ಪ್ರಕಟವಾದದ್ದು.

ಮತ್ತೆ ಒಂದು ಮಾತು. ಆ ವೇದಿಕೆಯಲ್ಲಿ ಹೇಳಿದ್ದು ತಪ್ಪು. ಸಾವಿರ ದಿನ ಮುಖ್ಯ, ನಿಜ. ಆದರೆ ಬಾಗಿಲು ಅಲ್ಲಿಗೆ ಮುಚ್ಚುವುದಿಲ್ಲ. ನಿಮ್ಮ ಮಗನೇ ಸಾಕ್ಷಿ ಅಲ್ವಾ?

ಓದುವ ಯಾರಿಗಾದರೂ ಈಗ ಹಾಗೆ ಅನ್ನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಉಚಿತ. ಕನ್ನಡದಲ್ಲೇ ಮಾತಾಡುತ್ತಾರೆ.

ಕೊಪ್ಪಳ ಟೀಚರ್

ಹೆಸರು ಬೇಡ ಅಂದವರೇ, ನಾಳೆಯಿಂದ ನನ್ನ ಸಭೆಯಲ್ಲಿ ಮೊದಲ ಪ್ರಶ್ನೆ ನಿಮ್ಮ ನರ್ಸ್ ಕೇಳಿದ್ದೇ.

ಮೈಸೂರಿನ ಅಮ್ಮ

ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅದು ಗೊತ್ತಾಗಿದ್ದು ಇಂಥದೇ ಒಂದು ಸಭೆಯಲ್ಲಿ. ಎಲ್ಲ ಮಕ್ಕಳೂ ಗಿಲಕಿ ಅಲ್ಲಾಡಿಸಿದ ಕಡೆ ತಿರುಗಿದವು, ನನ್ನ ಮಗು ತಿರುಗಲಿಲ್ಲ. ಆಗ ಹತ್ತು ತಿಂಗಳು. ಟೀಚರ್ ಎಲ್ಲರ ಎದುರು ಏನೂ ಹೇಳಲಿಲ್ಲ. ಆಮೇಲೆ ಹತ್ತಿರ ಕರೆದು, ಒಂದು ಸಲ ತೋರಿಸಿಕೊಂಡು ಬನ್ನಿ ಅಂದರು.

ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅನ್ನುತ್ತಾರೆ, ಅಲ್ಲಿಗೆ ಹೋದೆವು. ಅಲ್ಲಿಯ ಪ್ರೀ ಸ್ಕೂಲಿನಲ್ಲಿ ಮಗುವನ್ನು ಬಿಟ್ಟು ಮನೆಗೆ ಬರೋ ಹಾಗಿಲ್ಲ. ಅಮ್ಮ ಜೊತೆಗೇ ಕೂತು ಕಲಿಯಬೇಕು. ಬೇರೆ ಊರುಗಳಿಂದ ಬಂದು ಬಾಡಿಗೆ ಮನೆ ಮಾಡಿಕೊಂಡ ಅಮ್ಮಂದಿರು ನನ್ನ ಪಕ್ಕ ಕೂರುತ್ತಿದ್ದರು. ಬೀದರ್‌ನವರಿದ್ದರು, ಕೇರಳದವರಿದ್ದರು. ಮಗುವಿನ ಮುಖದ ಎದುರು ಕೂತು ಮಾತಾಡುವುದು, ಒಂದೇ ಪದವನ್ನು ದಿನಕ್ಕೆ ಐವತ್ತು ಸಲ ಬೇರೆ ಬೇರೆ ಸಂದರ್ಭದಲ್ಲಿ ಹೇಳುವುದು, ಬದನೆಕಾಯಿ ಹೆಚ್ಚುವಾಗಲೂ ಅದನ್ನೇ ಪಾಠ ಮಾಡುವುದು. ನಮ್ಮಂಥವರಿಗೆ ಈ ತರಬೇತಿ ಇದ್ದರೆ ಒಳ್ಳೆಯದು ಅನ್ನೋ ಮಾತಲ್ಲ. ಅದಿಲ್ಲದೆ ನನ್ನ ಮಗಳಿಗೆ ಮಾತೇ ಬರುತ್ತಿರಲಿಲ್ಲ. ಈಗ ಶ್ರವಣ ಯಂತ್ರ ಹಾಕಿಕೊಂಡು ಎರಡನೇ ಕ್ಲಾಸಿಗೆ ಹೋಗುತ್ತಾಳೆ.

ಒಂದು ನೋವು ಮಾತ್ರ ಇದೆ. ಕೆಲವರು "ನೀವು ಮಗುವಿನ ಜೊತೆ ಮಾತಾಡಲಿಲ್ಲ, ಅದಕ್ಕೇ ಹೀಗೆ" ಅಂದರು. ಮಾತು ತಡವಾದ ಮಗುವಿನ ಅಮ್ಮನಿಗೆ ದಯವಿಟ್ಟು ಯಾರೂ ಹಾಗೆ ಅನ್ನಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ ಅನ್ನಿ. ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಪತ್ತೆ ಮಾಡುವ ಕೇಂದ್ರ, ಡಿಇಐಸಿ ಅನ್ನುತ್ತಾರೆ, ಅಲ್ಲಿ ಕೇಳಿದರೂ ದಾರಿ ತೋರಿಸುತ್ತಾರೆ.

ಮೆಲ್ಬರ್ನ್ ಕನ್ನಡಿಗ

ಚಿಕ್ಕದಾಗಿ ಸೇರಿಸುತ್ತೇನೆ. ಇಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ಮಗು ಹುಟ್ಟಿದಾಗಿನಿಂದ ಶಾಲೆಗೆ ಸೇರುವವರೆಗೆ ನರ್ಸ್ ಹತ್ತು ಸಲ ನೋಡುತ್ತಾರೆ, ಉಚಿತ. ಮೊದಲ ಮಗುವಿನ ಪೋಷಕರನ್ನು ಬಡಾವಣೆ ಬಡಾವಣೆಗೆ ಸೇರಿಸಿ ಗುಂಪು ಮಾಡುತ್ತಾರೆ. ನಮಗೆ ಊರಿಂದ ಯಾರೂ ಬರಲು ಆಗಿರಲಿಲ್ಲ. ಆ ಗುಂಪೇ ನಮಗೆ ತವರಾಯಿತು.

ಮನೆಯಲ್ಲಿ ಇಂಗ್ಲಿಷ್ ಮಾತಾಡಬೇಕಾ ಅಂತ ನಾವು ಹೆದರಿ ಕೇಳಿದೆವು. ನಿಮಗೆ ಯಾವ ಭಾಷೆಯಲ್ಲಿ ಮುದ್ದು ಮಾಡಲು ಬರುತ್ತೋ ಅದರಲ್ಲೇ ಮಾತಾಡಿ ಅಂದರು. ಹೀಗೆ ನನ್ನ ಮಗಳಿಗೆ ಕನ್ನಡ ಉಳಿಯಿತು.

ತಿಪಟೂರು ಅಮ್ಮ

ಎಲ್ಲರ ಉತ್ತರವನ್ನೂ ಅತ್ತೆಗೆ ಓದಿ ಹೇಳಿದೆ. ಶಿರಸಿ ಅಜ್ಜಿಯದನ್ನು ಎರಡು ಸಲ ಓದಿಸಿಕೊಂಡರು. ಏನೂ ಹೇಳಲಿಲ್ಲ. ನಿನ್ನೆ ಸಂಜೆ ಮೊಮ್ಮಗನ ಮುಂದೆ ಲೋಟದೊಳಗೆ ಲೋಟ ಇಟ್ಟು ಕೂತಿದ್ದರು.

ನಮ್ಮ ಟೀಚರ್ ಹತ್ತಿರ ಭಾನುವಾರದ ವಿಷಯ ಕೇಳಿದೆ. ಭಾನುವಾರ ಅವರಿಗೂ ರಜೆ ಬೇಕಲ್ವಾ, ಪಾಪ. ತಿಂಗಳಿಗೆ ಒಂದು ಸಲ ಮಾತ್ರ ಬರುತ್ತೇನೆ, ಜನ ಸೇರಿಸುವುದು, ಚಾಪೆ ಹಾಕುವುದು ನೀವು ಮಾಡಬೇಕು ಅಂದರು. ನಮ್ಮ ಅಂಗನವಾಡಿಯ ಬಾಲವಿಕಾಸ ಸಮಿತಿಯ ಇಬ್ಬರು ಒಪ್ಪಿದ್ದಾರೆ. ನಮ್ಮವರು ಬರುತ್ತೇನೆ ಅಂತ ಹೇಳಿಲ್ಲ, ಬರಲ್ಲ ಅಂತಲೂ ಹೇಳಿಲ್ಲ.

ಕೊಪ್ಪಳದ ಟೀಚರ್, ಮೊದಲ ದಿನಕ್ಕೆ ಯಾವ ಆಟ ಇಟ್ಟುಕೊಂಡರೆ ಗಂಡಸರು ಸಂಕೋಚ ಬಿಟ್ಟು ಕೂರುತ್ತಾರೆ?

ಕೊಪ್ಪಳ ಟೀಚರ್

ಚೆಂಡು. ಹಳೇ ಸೀರೆ ಹರಿದು ಬಿಗಿಯಾಗಿ ಸುತ್ತಿ ಕಟ್ಟಿ. ಅಪ್ಪ ನೆಲದ ಮೇಲೆ ಕಾಲು ಅಗಲ ಮಾಡಿ ಕೂರಬೇಕು, ಮಗು ಎದುರಿಗೆ. ಉರುಳಿಸುವುದು, ಕಾಯುವುದು, ವಾಪಸ್ ಬಂದ ಮೇಲೆ ಮತ್ತೆ ಉರುಳಿಸುವುದು. ಮಾತು ಕಡಿಮೆ ಇರುವ ಗಂಡಸರಿಗೂ ಇದು ಬರುತ್ತೆ. ಚೆಂಡು ಮಾತ್ರ ಮಗುವಿನ ಎರಡೂ ಕೈಗೆ ತುಂಬುವಷ್ಟು ದೊಡ್ಡದಿರಲಿ.

ಕಂಡಕ್ಟರ್ ಅಪ್ಪ

ಮತ್ತೆ ಅಕ್ಕ, ಮೊದಲ ದಿನ ಟೀ ಇಡಿ. ನಮ್ಮವರು ಕೂರುತ್ತಾರೆ.